ಗೃಹಸ್ಥರೊಡನೆ ನಾಲ್ಕು ಮಾತು: ಬಿದ್ದವನು ಎದ್ದ ಮೇಲೆ

ಮಳೆಗಾಲವು ಸಮೀಪಿಸಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಕೊಳೆರೋಗದ ಚಿಂತೆ ತಲೆದೋರುವುದು. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದನ್ನು ಮಳೆಗೆ ಮುಂಚೆ ಒಮ್ಮೆ ಬಿಟ್ಟರೆ ಸಾಲದು. 40–45 ದಿನಗಳ ತರುವಾಯ, ಮರವೆಲ್ಲ ಒದ್ದೆಯಾಗಿ ಪಾಚಿ ಕಟ್ಟಿರುವ ಕಾಲದಲ್ಲಿಯೇ, ಇನ್ನೊಮ್ಮೆ ಬಿಡಬೇಕು. ಮದ್ದು ಬಿಡುವುದಕ್ಕೂ ಗೊನೆ ಕೊಯ್ಯುವುದಕ್ಕೂ ಮರವೇರುವವರಲ್ಲಿ ಕೆಲವರು ಜಾರಿ ಬೀಳುವರು. ಬಿದ್ದವನನ್ನು ಆಸ್ಪತ್ರೆಗೆ ಸೇರಿಸುವ ತನಕ ಊರೇ ನೆರೆಯುವುದು. ಆದರೆ ಅಲ್ಲಿಂದ ಅವನು ಮನೆಗೆ ಬಂದ ಮೇಲೆ ಏನು? ಈ ತಿಂಗಳು ನಾವು ವಾಚಕರ ಮುಂದೆ ಇಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಗಾಯವು ಮಾಯುವುದು ಬೇರೆ, ಮನುಷ್ಯನು ದುಡಿಮೆಗೆ ಮರಳುವುದು ಬೇರೆ. ಮೊದಲನೆಯದು ವೈದ್ಯರ ಕಾರ್ಯ. ಎರಡನೆಯದರಲ್ಲಿ ಅರ್ಧ ಪಾಲು ಮನೆಯವರದು. ಅಲ್ಲಿ ಎರಡು ಬಗೆಯ ತಪ್ಪುಗಳು ನಡೆಯುವುದುಂಟು. ಮೂಳೆ ಕೂಡಿತೆಂದು ಕೇಳಿದೊಡನೆಯೇ ಹಿಂದಿನ ಕೆಲಸಕ್ಕೆ ಅಟ್ಟುವುದು ಒಂದು. “ನೀನಿನ್ನು ಏನೂ ಮಾಡಬೇಡ, ಮೂಲೆಯಲ್ಲಿ ಕುಳಿತಿರು, ಎರಡು ಹೊತ್ತು ಅನ್ನ ಹಾಕುತ್ತೇವೆ” ಎನ್ನುವುದು ಇನ್ನೊಂದು. ಎರಡನೆಯದು ದಯೆಯಿಂದ ಹುಟ್ಟಿದ್ದಾದರೂ ಅದರಿಂದಾಗುವ ಕೇಡು ಕಡಿಮೆಯಲ್ಲ. ಬಳಕೆಯಿಲ್ಲದ ಮಾಂಸಖಂಡವು ಕೆಲವೇ ವಾರಗಳಲ್ಲಿ ಸೊರಗುವುದು, ಕೀಲುಗಳು ಬಿಗಿಯುವುವು. ಅದಕ್ಕಿಂತ ಮುಂಚೆಯೇ ಮನಸ್ಸು ಕುಗ್ಗುವುದು.

ದುಡಿಮೆಗೆ ಮರಳುವ ದಾರಿಯು ಮರದ ಬುಡದಲ್ಲಿಯೇ ಆರಂಭವಾಗುತ್ತದೆ. ಬಿದ್ದವನಿಗೆ ಬೆನ್ನು ಅಥವಾ ಕುತ್ತಿಗೆ ನೋಯುತ್ತಿದ್ದರೆ, ಕಾಲು ಮರಗಟ್ಟಿದ್ದರೆ, ಅವನನ್ನು ಕೈಕಾಲು ಹಿಡಿದು ಮಡಚಿ ಎತ್ತಕೂಡದು. ತಲೆ, ಕುತ್ತಿಗೆ, ಬೆನ್ನು ಅಲುಗದಂತೆ ನಾಲ್ಕು ಜನ ಹಿಡಿದು ಹಲಗೆಯ ಮೇಲೆ ಮಲಗಿಸಿ ಸಾಗಿಸತಕ್ಕದ್ದು. ಎತ್ತುವ ಅವಸರದಲ್ಲಿ ಬೆನ್ನುಹುರಿಗೆ ಒದಗುವ ಪೆಟ್ಟನ್ನು ಆಮೇಲೆ ಯಾವ ವೈದ್ಯನೂ ಸರಿಪಡಿಸಲಾರನು.

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದವರಿಗೆಂದೇ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿಯವರ ‘ಸೇವಾಧಾಮ’ವಿದೆ. ಅಂಥವರು ಗಾಲಿಕುರ್ಚಿಯನ್ನು ನಡೆಸಿಕೊಂಡು ತಮ್ಮ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತಾಗಬೇಕೆಂಬುದು ಇಂಥ ಕೇಂದ್ರಗಳ ಉದ್ದೇಶ. ಮೂಳೆ ಮುರಿದು ಕೂಡಿದವರಿಗೆ ಬೇಕಾಗುವುದು ಫಿಸಿಯೋಥೆರಪಿ, ಎಂದರೆ ಅಂಗಾಂಗಗಳಿಗೆ ಕ್ರಮವರಿತು ಕೊಡುವ ವ್ಯಾಯಾಮಚಿಕಿತ್ಸೆ. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಈ ವಿದ್ಯೆಯನ್ನು ಕಲಿಸುವ ಕಾಲೇಜೇ ಇದೆ. ಅಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ದಿನವೂ ಮಾಡಿಸುವುದು ಮಾತ್ರ ಮನೆಯವರ ಹೊಣೆ. ಸ್ಪರ್ಶಜ್ಞಾನ ತಪ್ಪಿದವನನ್ನು ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಕುರ್ಚಿಯಲ್ಲಿ ಕುಳಿತಾಗ ಅವನು ಆಗಾಗ ತೋಳೂರಿ ಮೈಯನ್ನೆತ್ತಬೇಕು. ಒಂದು ಒತ್ತುಹುಣ್ಣು ಅನೇಕ ತಿಂಗಳ ದುಡಿಮೆಯನ್ನು ನುಂಗಬಲ್ಲುದು.

ಇಷ್ಟಾದರೂ ಕಾಲಿಲ್ಲದವನು ಏನು ದುಡಿದಾನೆಂದು ಕೇಳುವವರಿದ್ದಾರೆ. ಅವರಿಗೆ ನಾವು ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರ ಕಥೆಯನ್ನು ಹೇಳುವೆವು. 1954ರಲ್ಲಿ ಮೋಟಾರು ಅಪಘಾತವೊಂದರಿಂದ ಆಕೆಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಕೆ ಶಸ್ತ್ರವೈದ್ಯೆ. ನಿಂತು ಮಾಡುವ ಶಸ್ತ್ರಕ್ರಿಯೆ ಇನ್ನು ಸಾಧ್ಯವಿರಲಿಲ್ಲ; ಆದರೆ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಕುಳಿತೇ ಮಾಡಬಹುದಾಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತು ಆಕೆ ಅದನ್ನು ಮಾಡಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. ವೆಲ್ಲೂರಿನ ಪುನರ್ವಸತಿ ಸಂಸ್ಥೆಯು 1966ರಲ್ಲಿ ಆರಂಭವಾದುದು ಅವರ ನೇತೃತ್ವದಲ್ಲಿಯೇ. ಆಕೆಯ ಕಸುಬು ಉಳಿಯಿತು. ಕಸುಬಿನ ರೀತಿ ಮಾತ್ರ ಬದಲಾಯಿತು.

ಈ ಸೂತ್ರವು ನಮ್ಮ ತೋಟಗಳಿಗೂ ಸಲ್ಲುವುದು. ಇಪ್ಪತ್ತು ವರ್ಷ ಮರವೇರಿದವನಿಗೆ ಬಲಿತ ಗೊನೆ ಯಾವುದು, ರೋಗ ಎಲ್ಲಿ ಹತ್ತಿದೆ ಎಂಬುದು ಗೊತ್ತು. ಆ ಅರಿವು ಕಾಲಿನೊಡನೆ ಮುರಿದು ಹೋಗಿಲ್ಲ. ನಿಲ್ಲಬಲ್ಲವನಾದರೆ ವೈದ್ಯರು ಒಪ್ಪಿದ ಮೇಲೆ ಉದ್ದನೆಯ ದೋಟಿಯಿಂದ ನೆಲದ ಮೇಲಿದ್ದೇ ಕೊಯ್ಯುವುದನ್ನು ಕಲಿಯಬಹುದು. ಕುಳಿತೇ ಇರಬೇಕಾದವನು ಅಡಿಕೆ ಸುಲಿಯಬಹುದು, ಪಟೋರ, ಕೋಕಗಳನ್ನು ಬೇರೆ ಮಾಡಬಹುದು, ಸಸಿಗಳನ್ನು ಬೆಳೆಸಬಹುದು, ಆಳುಗಳ ಲೆಕ್ಕವಿಡಬಹುದು. ತೋಟವೇ ಬೇಡವೆನ್ನುವ ಯುವಕನಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆಯಿದೆ. 1982ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಊಟ ವಸತಿಗಳೊಡನೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತದೆ.

ಹಣದ ಮಾತನ್ನೂ ಆಡಬೇಕು. ಸರಕಾರಿ ನೌಕರನಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ರಕ್ಷೆಯಿದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯವುಂಟಾದರೆ ಅವನನ್ನು ಕೆಲಸದಿಂದ ತೆಗೆಯಕೂಡದು, ಅದೇ ಸಂಬಳದ ಬೇರೆ ಕೆಲಸವನ್ನು ಕೊಡತಕ್ಕದ್ದು. ತೋಟದ ದಿನಗೂಲಿಯವನಿಗೆ ಇಂಥ ಆಸರೆಯಿಲ್ಲ. ಆದುದರಿಂದ ಧಣಿಗಳಾದವರು ಮುಂದಾಗಿಯೇ ಒಂದು ಕೆಲಸ ಮಾಡಬೇಕು. ಬ್ಯಾಂಕಿನಲ್ಲಿ ಖಾತೆಯುಳ್ಳ 18ರಿಂದ 70 ವರ್ಷದೊಳಗಿನವರಿಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆಯು ವರ್ಷಕ್ಕೆ 20 ರೂಪಾಯಿಗೆ ದೊರೆಯುವುದು. ಅಪಘಾತದಿಂದ ಎರಡು ಕಾಲುಗಳ ಉಪಯೋಗವೇ ಶಾಶ್ವತವಾಗಿ ತಪ್ಪಿದರೆ 2 ಲಕ್ಷ ರೂಪಾಯಿ ಬರುವುದು. ಆಳೊಬ್ಬನ ಪಾಲಿನ 20 ರೂಪಾಯಿ ಯಾವ ಧಣಿಗೂ ಭಾರವಲ್ಲ. ವೈಕಲ್ಯ ಉಳಿದವನಿಗೆ ಗುರುತಿನ ಚೀಟಿ, ಮಾಸಾಶನಗಳ ಅರ್ಜಿ ಹಾಕಿಸುವುದಕ್ಕೆ ಗ್ರಾಮ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು.

ಕೊನೆಗೊಂದು ವಿಜ್ಞಾಪನೆ. ನಮ್ಮ ವಾಚಕರಲ್ಲಿ ತೋಟವುಳ್ಳವರು ಬಹುಮಂದಿ. ತಮ್ಮಲ್ಲಿ ದುಡಿಯುತ್ತಿದ್ದವನೊಬ್ಬನು ಬಿದ್ದು ಮನೆಯಲ್ಲಿದ್ದರೆ, ಹಣ್ಣುಹಂಪಲು ಹಿಡಿದು ನೋಡಿಬರುವುದರೊಂದಿಗೆ, “ನಿನ್ನಿಂದ ಈಗ ಏನಾದೀತು?” ಎಂದು ಅವನನ್ನೇ ಕೇಳಿರಿ. ಅವನು ಹೇಳಿದ ಕೆಲಸವನ್ನು ಕೊಟ್ಟು, ಅದಕ್ಕೆ ಸಲ್ಲುವ ಕೂಲಿಯನ್ನು ಅವನ ಕೈಯಲ್ಲಿಯೇ ಇಡಿರಿ. ಅವನು ತನ್ನ ಮನೆಯಲ್ಲಿ ಮರಳಿ ಯಜಮಾನನಾಗುವುದು ಆ ದಿನವೇ.