ಸರಳ ಬದುಕು ಕಾರ್ಟ್‌ನಲ್ಲಿ ಸಿಗಲ್ಲ

1/9
ಈ ಫೋಟೊ ನಿಮಗೆ ನೆನಪಿರಬಹುದು. ನನ್ನ ಹಾಸ್ಟೆಲ್ ಟೇಬಲ್, ಹೋದ ವರ್ಷ ಅಕ್ಟೋಬರ್‌ದು. ಮಣ್ಣಿನ ಬಣ್ಣದ ಬೆಡ್‌ಶೀಟ್, ಬಿದಿರಿನ ಪೆನ್ ಸ್ಟ್ಯಾಂಡ್, ಉರಿಯೋ ಕ್ಯಾಂಡಲ್, ಪಕ್ಕದಲ್ಲಿ ತೆರೆದಿಟ್ಟ ಜರ್ನಲ್. ಕೆಳಗೆ ನಾನೇ ಬರೆದಿದ್ದೆ: "ಕಡಿಮೆ ವಸ್ತು, ಜಾಸ್ತಿ ನೆಮ್ಮದಿ." ನಿಮ್ಮಲ್ಲೇ ಸುಮಾರು ಜನ "ಎಷ್ಟು ಪೀಸ್‌ಫುಲ್ ಕಣೇ" ಅಂತ ಕಮೆಂಟ್ ಹಾಕಿದ್ರಿ.

ಆ ಫೋಟೊ ಹಾಕಿದ ರಾತ್ರಿ ನನಗೆ ಒಂದು ನಿಮಿಷಾನೂ ನಿದ್ದೆ ಬರಲಿಲ್ಲ. ಮಾರನೇ ದಿನ ಎಕ್ಸಾಮ್ ಫೀಸ್ ಕಟ್ಟೋಕೆ ಕೊನೇ ದಿನ. ಅಕೌಂಟ್‌ನಲ್ಲಿ ಇದ್ದಿದ್ದು ₹275.

ಇವತ್ತು ಅದರ ಬಗ್ಗೆ ಬರೀತೀನಿ. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

2/9
ಬಿ.ಕಾಂ. ಓದೋಳು ನಾನು, ಲೆಕ್ಕ ಇಲ್ಲದೆ ಮಾತಾಡಬಾರದು. ಆ ತಿಂಗಳ ಲೆಕ್ಕ ಇಲ್ಲಿದೆ.

ಮನೆಯಿಂದ ಬಂದಿದ್ದು ₹5,500. ಮೆಸ್‌ಗೆ ₹2,400, ಎಕ್ಸಾಮ್ ಫೀಸ್‌ಗೆ ₹1,900, ಕೈಖರ್ಚಿಗೆ ₹1,200. ಅಪ್ಪ ಫೋನ್‌ನಲ್ಲಿ ಮೂರನ್ನೂ ಬಿಡಿಬಿಡಿಯಾಗಿ ಹೇಳಿ, ನನ್ನ ಬಾಯಲ್ಲೂ ಒಂದು ಸಲ ಹೇಳಿಸಿ ಕಳಿಸಿದ್ರು.

ಮೆಸ್ ಕಟ್ಟಿದೆ. ಆಮೇಲೆ ಜರ್ನಲ್ ₹449, ಕ್ಯಾಂಡಲ್ ₹299, ಪೆನ್ ಸ್ಟ್ಯಾಂಡ್ ₹199, ಬೆಡ್‌ಶೀಟ್ ₹549, ಧ್ಯಾನ ಹೇಳಿಕೊಡೋ ಆ್ಯಪ್ ತಿಂಗಳಿಗೆ ₹199. ಒಟ್ಟು ₹1,695. ಇದಷ್ಟೂ "ಸರಳ ಜೀವನ"ದ ರೀಲ್ಸ್ ನೋಡಿ ತರಿಸಿದ್ದು! ಉಳಿದಿದ್ದು ಟೀ, ಪಫ್ಸ್, ಜ್ಯೂಸ್, ಆಟೊ. ಆಮೇಲೆ ಕೂತು ಎಣಿಸಿದೆ: 47 ಸಣ್ಣ ಸಣ್ಣ ಯುಪಿಐ ಪೇಮೆಂಟ್, ₹1,130. ಅದರಲ್ಲಿ ಅರ್ಧಕ್ಕರ್ಧ ಯಾವುದಕ್ಕೆ ಕೊಟ್ಟೆ ಅಂತಾನೇ ನೆನಪಿರಲಿಲ್ಲ.

ನೆಮ್ಮದಿಗೆ ಬೇಕು ಅಂತ ತಂದ ಸಾಮಾನೇ ನೆಮ್ಮದಿ ತಿಂದಿತ್ತು.

3/9
ಬೆಳಗ್ಗೆ ರೂಮ್‌ಮೇಟ್ ಹತ್ರ ₹1,700 ಸಾಲ ತಗೊಂಡೆ. ಒಂದು ಮಾತೂ ಕೇಳದೆ ಕಳಿಸಿದ್ಲು. ನವೆಂಬರ್ 10ಕ್ಕೆ ಕೊಡ್ತೀನಿ ಅಂದೆ, ಕೊಡಲಿಲ್ಲ. ಅಮ್ಮ ಫೋನ್ ಮಾಡಿದಾಗ "ಬುಕ್ಸ್ ತಗೊಂಡೆ, ಅದಕ್ಕೆ ಖಾಲಿ ಆಯ್ತು" ಅಂತ ಸುಳ್ಳು ಹೇಳಿದೆ.

ಡಿಸೆಂಬರ್‌ನಲ್ಲಿ ಅವಳ ತಮ್ಮನ ಶಾಲೆಯಿಂದ ಬೇಲೂರು ಹಳೇಬೀಡಿಗೆ ಪ್ರವಾಸ ಹೊರಟಿತ್ತು. ಅಕ್ಕ ದುಡ್ಡು ಕೊಡ್ತೀನಿ ಅಂದಿದ್ಲಂತೆ. ನನ್ನ ಹತ್ರ ಕೇಳೋಕೆ ಅವಳಿಗೆ ಸಂಕೋಚ. ಹುಡುಗ ಹೋಗಲಿಲ್ಲ. ಇದು ನನಗೆ ಅವಳಿಂದ ಗೊತ್ತಾಗಿದ್ದಲ್ಲ, ಅವಳು ಕಾರಿಡಾರ್‌ನಲ್ಲಿ ತಮ್ಮನ್ನ ಸಮಾಧಾನ ಮಾಡ್ತಿದ್ದಾಗ ಕೇಳಿಸಿಕೊಂಡಿದ್ದು. ನನ್ನ ಟೇಬಲ್ ಮೇಲೆ ಆಗಲೂ ಕ್ಯಾಂಡಲ್ ಉರೀತಿತ್ತು. ಎದ್ದು ಆರಿಸಿದೆ. ಆಮೇಲೆ ಅದನ್ನ ಹಚ್ಚಿಲ್ಲ.

ಆ ವಾರವೇ ಊರಿಗೆ ಹೋಗಿ ಅಮ್ಮನಿಗೆ ಎಲ್ಲಾ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. "ಇಷ್ಟನ್ನ ಎರಡು ತಿಂಗಳು ಒಳಗೇ ಇಟ್ಕೊಂಡಿದ್ಯಾ?" ಅಂದ್ರು ಅಷ್ಟೇ. ಚೀಟಿ ದುಡ್ಡಲ್ಲಿ ₹1,700 ತೆಗೆದುಕೊಟ್ರು, "ಮೊದಲು ಆ ಹುಡುಗಿಗೆ ಕೊಡು, ನನಗೆ ನಿಧಾನಕ್ಕೆ ಕೊಡೋವಂತೆ" ಅಂದ್ರು. ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳಿ ಜನವರಿಯಲ್ಲಿ ₹900, ಫೆಬ್ರವರಿಯಲ್ಲಿ ₹800 ತೀರಿಸಿದೆ.

4/9
ಈ ಫೋಟೊದಲ್ಲಿರೋ ಕೆಂಪು ರಟ್ಟಿನ ಪುಸ್ತಕ ಅಪ್ಪ ಕೊಟ್ಟಿದ್ದು. ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಸಂಜೆ ಕಿರ್ದಿ ಬರೆದು, ಕೈಯಲ್ಲಿರೋ ದುಡ್ಡು ಪುಸ್ತಕದ ದುಡ್ಡು ತಾಳೆ ಆಗೋವರೆಗೂ ಅಂಗಡಿಯಿಂದ ಏಳಲ್ಲ. ಐದು ರೂಪಾಯಿ ವ್ಯತ್ಯಾಸ ಬಂದ್ರೂ ಹುಡುಕ್ತಾರೆ. ಚಿಕ್ಕೋಳಿದ್ದಾಗ ನನಗೆ ಅದು ಜಿಪುಣತನ ಅನ್ನಿಸ್ತಿತ್ತು. ಆದರೆ ಒಂದು ವಿಷಯ ಗಮನಿಸಿದೀನಿ, ಅಪ್ಪ ಮನೆಗೆ ಬಂದಮೇಲೆ ದುಡ್ಡಿನ ಯೋಚನೆ ಮಾಡಿ ಮುಖ ಸಣ್ಣದು ಮಾಡ್ಕೊಂಡಿದ್ದು ಕಡಿಮೆ. ದುಡ್ಡು ಜಾಸ್ತಿ ಇತ್ತು ಅಂತಲ್ಲ. ಎಷ್ಟಿದೆ, ಎಷ್ಟಿಲ್ಲ ಅಂತ ಗೊತ್ತಿತ್ತು.

ರೀಲ್ಸ್‌ನಲ್ಲಿ ಜಪಾನಿನ 'ಕಾಕೇಬೊ' ನೋಡಿ ನಾನು ವಾವ್ ಅಂದಿದ್ದೆ. 1904ರಲ್ಲಿ ಹಾನಿ ಮೋತೊಕೊ ಅನ್ನೋ ಪತ್ರಕರ್ತೆ ಅಲ್ಲಿನ ಗೃಹಿಣಿಯರಿಗಾಗಿ ತಂದ ಮನೆ ಲೆಕ್ಕದ ಪುಸ್ತಕ ಅದು. ಒಳ್ಳೇ ಕೆಲಸಾನೇ. ಆದರೆ ಅದೇ ಕೆಲಸವನ್ನ ನಮ್ಮಪ್ಪ ದಿನಾ ಸಂಜೆ ಮಾಡ್ತಿದ್ರೆ ನಾನು ಒಂದು ದಿನಾನೂ ತಿರುಗಿ ನೋಡಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ನಮ್ಮ ವಯಸ್ಸಲ್ಲಿ ನೆಮ್ಮದಿ ಹಾಳಾಗೋದು ವಸ್ತು ಜಾಸ್ತಿ ಆಗಿ ಅಲ್ಲ, ಮುಚ್ಚಿಟ್ಟಿದ್ದು ಜಾಸ್ತಿ ಆಗಿ. ಬೇರೆಯವರಿಂದ ಮುಚ್ಚಿಟ್ಟಿದ್ದು, ನಮ್ಮಿಂದ ನಾವೇ ಮುಚ್ಚಿಟ್ಟಿದ್ದು. ಆದ್ದರಿಂದ ಸರಳವಾಗಿ ಬದುಕೋದು ಅಂದ್ರೆ ಮೊದಲು ಬಚ್ಚಿಡೋದನ್ನ ಕಡಿಮೆ ಮಾಡೋದು. ಟೇಬಲ್ ಆಮೇಲೆ ಕ್ಲೀನ್ ಮಾಡಬಹುದು.

5/9
ಈಗ ನಾನು ಮಾಡ್ತಿರೋ ಅಭ್ಯಾಸಗಳು. ಮೊದಲನೇದು, ರಾತ್ರಿ ಊಟ ಆದಮೇಲೆ ಐದು ನಿಮಿಷ ಕಿರ್ದಿ. ಬಂದಿದ್ದು, ಹೋಗಿದ್ದು, ಉಳಿದಿದ್ದು. ಆ್ಯಪ್ ಬೇಡ, ಕೈಯಲ್ಲೇ ಬರೀರಿ. ಬರೆಯೋವಾಗ ನಾಚಿಕೆ ಆಗೋ ಖರ್ಚನ್ನ ಮಾರನೇ ದಿನ ಕೈ ತಾನಾಗೇ ಮಾಡಲ್ಲ.

ಎರಡನೇದು, ಸೋಮವಾರ ₹250 ಚಿಲ್ಲರೆ ಮಾಡಿಸಿ ಪರ್ಸಲ್ಲಿಟ್ಕೋತೀನಿ. ವಾರದ ಟೀ, ತಿಂಡಿ ಅದರಲ್ಲೇ. ಯುಪಿಐ 2016ರಲ್ಲಿ ಬಂತು, ನಾವು ಆಗ ಇನ್ನೂ ಪ್ರೈಮರಿ ಸ್ಕೂಲು. ಅಂದ್ರೆ ಸ್ವಂತ ದುಡ್ಡು ಖರ್ಚು ಮಾಡೋಕೆ ಶುರು ಮಾಡಿದಾಗಿಂದ ಸ್ಕ್ಯಾನ್ ಮಾಡೇ ಅಭ್ಯಾಸ ನಮಗೆ, ದುಡ್ಡು ಕೈಬಿಟ್ಟು ಹೋಗೋದನ್ನ ಕಣ್ಣಾರೆ ನೋಡಿದ್ದೇ ಕಡಿಮೆ. ಅಂಗಡಿಯಲ್ಲಿ ಯೋಚನೆ ಮಾಡಿ: ದುಡ್ಡು ಬಂತು ಅಂತ ಅಂಗಡಿಯವರಿಗೆ ಆ ಪುಟ್ಟ ಪೆಟ್ಟಿಗೆ ಕೂಗಿ ಹೇಳುತ್ತೆ. ಹೋಯ್ತು ಅಂತ ನಮಗೆ ಯಾರೂ ಕೂಗಿ ಹೇಳಲ್ಲ.

6/9
ಮೂರನೇದಕ್ಕೆ ನಾನಿಟ್ಟ ಹೆಸರು 'ಅಟ್ಟಕ್ಕೆ ಹಾಕೋದು'.

ನಮ್ಮ ಕಡೆ ಉಂಡೆ ಕೊಬ್ಬರಿ ಹೇಗಾಗುತ್ತೆ ಗೊತ್ತಾ? ಬಲಿತ ತೆಂಗಿನಕಾಯಿನ ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಗುಡುಗುಡು ಅನ್ನುತ್ತೆ. ಆಗ ಕೊಬ್ಬರಿ. ಕೆಲವು ಕಾಯಿ ಒಳಗೇ ಕೆಟ್ಟಿರುತ್ತೆ, ಅದೂ ಆಗಲೇ ಗೊತ್ತಾಗೋದು.

ನನಗೆ ಏನಾದ್ರೂ ಬೇಕು ಅನ್ನಿಸಿದ್ರೆ ಕಿರ್ದಿಯ ಕೊನೇ ಪುಟದಲ್ಲಿ ತಾರೀಖು ಹಾಕಿ ಬರೀತೀನಿ. ಮೂವತ್ತು ದಿನ ಮುಟ್ಟಲ್ಲ. ಜನವರಿಯಿಂದ 14 ವಸ್ತು ಅಟ್ಟಕ್ಕೆ ಹೋಗಿದೆ. ತಗೊಂಡಿದ್ದು ಮೂರು: ಚಪ್ಪಲಿ, ಕ್ಯಾಲ್ಕುಲೇಟರ್, ಒಂದು ಕಾಸ್ಟ್ ಅಕೌಂಟಿಂಗ್ ಪುಸ್ತಕ. ಉಳಿದ ಹನ್ನೊಂದರಲ್ಲಿ ಐದು ಯಾಕೆ ಬರೆದೆ ಅಂತ ಓದಿದಾಗ ನಗು ಬರುತ್ತೆ. "ಆಫರ್ ಇವತ್ತೇ ಮುಗಿಯುತ್ತೆ" ಅಂತ ಹೆದರಿಸ್ತಾರಲ್ಲ, ಹೆದರಬೇಡಿ. ಮುಂದಿನ ಹಬ್ಬಕ್ಕೆ ಅದೇ ಆಫರ್ ಮತ್ತೆ ಬಂದಿರುತ್ತೆ.

7/9
ನಾಲ್ಕನೇದು ಇವತ್ತೇ ಮಾಡಿ. ನಿಮ್ಮ ಯುಪಿಐ ಆ್ಯಪ್ ತೆಗೆದು 'ಆಟೊಪೇ' ಅನ್ನೋ ಜಾಗ ಹುಡುಕಿ. ಯಾವ್ಯಾವುದಕ್ಕೆ ತಿಂಗಳು ತಿಂಗಳು ಕತ್ತರಿಸೋಕೆ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಅಲ್ಲಿರುತ್ತೆ, ರದ್ದು ಮಾಡೋದೂ ಅಲ್ಲೇ. ಕತ್ತರಿಸೋಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆದರೆ ನೂರು ನೋಟಿಫಿಕೇಶನ್ ಮಧ್ಯೆ ಆ ಒಂದು ಮೆಸೇಜ್ ನಾವು ನೋಡಿದ್ರೆ ತಾನೇ? ನನ್ನ ಧ್ಯಾನದ ಆ್ಯಪ್ ಮೂರು ತಿಂಗಳು ₹199 ಕತ್ತರಿಸ್ತು. ನಾನು ಧ್ಯಾನ ಮಾಡಿದ್ದು ನಾಲ್ಕು ದಿನ.

ಆದ್ದರಿಂದ ಐದನೇದು: ಕಾಲ್, ಬ್ಯಾಂಕು, ಕ್ಲಾಸ್ ಗ್ರೂಪ್. ಇವು ಮೂರು ಬಿಟ್ಟು ಎಲ್ಲಾ ನೋಟಿಫಿಕೇಶನ್ ಆಫ್. ರಾತ್ರಿ ಫೋನ್ ಚಾರ್ಜ್‌ಗೆ ಇಡೋದು ಬಾಗಿಲ ಹತ್ರದ ಪ್ಲಗ್ಗಲ್ಲಿ, ಹಾಸಿಗೆಗೆ ಸಿಗದಷ್ಟು ದೂರ. ಮೊದಲ ವಾರ ಕೈ ದಿಂಬಿನ ಕೆಳಗೆ ಹುಡುಕ್ತಾನೇ ಇತ್ತು.

8/9
ಹೋದ ಸಲ ಇದರ ಬಗ್ಗೆ ಸ್ಟೋರಿ ಹಾಕಿದಾಗ ಒಬ್ಬ ಕ್ಲಾಸ್‌ಮೇಟ್ ಮೆಸೇಜ್ ಮಾಡಿದ: "ಇಲ್ಲದೇ ಇರೋರಿಗೆ ಸರಳತೆ ಬಗ್ಗೆ ಪಾಠ ಹೇಳಬೇಡ. ನಮ್ಮನೇಲಿ ಇರೋದೇ ಅಷ್ಟು." ಅವನು ಹೇಳಿದ್ದು ಸರಿ. ನಮ್ಮಮ್ಮನ ಹತ್ರ ಒಳ್ಳೇ ಸೀರೆ ನಾಲ್ಕೇ ಇರೋದು, ಅದು ಮಿನಿಮಲಿಸಂ ಅಲ್ಲ. ಕೊರತೆಗೆ ಚೆಂದದ ಹೆಸರಿಟ್ಟು ಮಾರೋದು ತಪ್ಪು. ಫೀಸ್ ಜಾಸ್ತಿ ಆದಾಗ ಪ್ರಶ್ನೆ ಕೇಳಲೇಬೇಕು, ಸ್ಕಾಲರ್‌ಶಿಪ್ ತಡ ಆದ್ರೆ ಆಫೀಸಿಗೆ ಹೋಗಿ ನಿಲ್ಲಲೇಬೇಕು. ಕಿರ್ದಿ ಬರೆದರೆ ಬಡತನ ಹೋಗಲ್ಲ.

ಆದರೆ ಅವನಿಗೆ ನಾನು ಇದನ್ನೂ ಹೇಳಿದೆ: ಇರೋದೇ ಅಷ್ಟು ಅನ್ನೋ ಮನೆಯ ದುಡ್ಡು ಅಂತಾನೇ ಅಲ್ವಾ ಅದು ಎಲ್ಲಿ ಹೋಯ್ತು ಅಂತ ಗೊತ್ತಿರಬೇಕಾದ್ದು? ಶ್ರೀಮಂತರ ಮಕ್ಕಳು ₹1,695 ಕಳೆದ್ರೆ ಅದೊಂದು ರೀಲ್. ನಾನು ಕಳೆದಿದ್ದಕ್ಕೆ ಒಬ್ಬ ಹುಡುಗನ ಪ್ರವಾಸ ಹೋಯ್ತು.

ಇರೋದ್ರಲ್ಲೇ ಸಿಗೋ ಸಮಾಧಾನಾನೂ ಇದೆ. 2023ರ ಜೂನ್ 11ರಿಂದ ನಮಗೆಲ್ಲ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸಿಗ್ತಿದೆ, ಸಾಮಾನ್ಯ ಸಾರಿಗೆ ಬಸ್ಸಿಗೆ. ಮೊದಲು ತುಮಕೂರಿಂದ ಊರಿಗೆ ಹೋಗೋವಾಗ ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ಅಂತ ನಿಂತು ನಿಂತು ಹೋಗೋ ಬಸ್ ಅಂದ್ರೆ ಸಿಟ್ಟು ಬರ್ತಿತ್ತು. ಈಗ ಫೋನ್ ಬ್ಯಾಗಲ್ಲಿಟ್ಟು ಕಿಟಕಿ ಪಕ್ಕ ಕೂತ್ಕೋತೀನಿ. ಪಕ್ಕದ ಸೀಟಿನ ಅಜ್ಜಿ ಜೊತೆ ಮಾತಾಡ್ತೀನಿ, ಇಲ್ಲಾಂದ್ರೆ ನಿದ್ದೆ. ಸೀಟು ಸಿಗದ ದಿನ ಇದೆಲ್ಲ ಅನ್ವಯ ಆಗಲ್ಲ, ಅದೂ ನಿಜ.

9/9
ಬೆಡ್‌ಶೀಟ್ ಇನ್ನೂ ಇದೆ, ಚೆನ್ನಾಗಿ ಬಾಳಿಕೆ ಬರ್ತಿದೆ. ದುಬಾರಿ ಜರ್ನಲ್‌ನಲ್ಲಿ ಟ್ಯಾಲಿ ನೋಟ್ಸ್ ಬರ್ಕೊಂಡಿದೀನಿ. ರೂಮ್‌ಮೇಟ್ ಹತ್ರ ಕ್ಷಮೆ ಕೇಳಿದೆ. ಅವಳು "ಬಿಡೇ" ಅಂದ್ಲು. ಆ ಹುಡುಗನಿಗೆ ಮಾತ್ರ ಏನು ಹೇಳಬೇಕೋ ಗೊತ್ತಾಗಲಿಲ್ಲ. ಈ ವರ್ಷದ ಪ್ರವಾಸಕ್ಕೆ ಅಂತ ಕಿರ್ದಿಯಲ್ಲಿ ಬೇರೆ ಪುಟ ತೆಗೆದು ತಿಂಗಳಿಗೆ ₹100 ಎತ್ತಿಡ್ತಿದೀನಿ. ಅಕ್ಕನಿಗೂ ಹೇಳಿಲ್ಲ. ಈಗ ಓದಿದ್ರೆ ಗೊತ್ತಾಗುತ್ತೆ, ಇರಲಿ. ಮುಚ್ಚಿಡೋದು ಬೇಡ ಅಂದೋಳು ನಾನೇ ತಾನೇ.

ಐದನ್ನೂ ಒಟ್ಟಿಗೆ ಶುರು ಮಾಡಬೇಡಿ, ವಾರದಲ್ಲಿ ಬಿಟ್ಟುಬಿಡ್ತೀರಿ. ಒಂದು ಸಾಕು. ಇವತ್ತು ರಾತ್ರಿ ಯಾವುದಾದ್ರೂ ಹಳೇ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಮೂರು ಸಾಲು ಬರೀರಿ. ಹೊಸ ಪುಸ್ತಕ ತರಿಸಬೇಡಿ, ಪ್ಲೀಸ್! ಯಾರಿಗಾದ್ರೂ ಕೊಡೋದಿದ್ರೆ ಅವರು ಕೇಳೋ ಮೊದಲು ನೀವೇ ಮೆಸೇಜ್ ಮಾಡಿ, "ನೆನಪಿದೆ, ಇಷ್ಟು ದಿನಕ್ಕೆ ಕೊಡ್ತೀನಿ" ಅಂತ.

ನನ್ನ ಇವತ್ತಿನ ಕಿರ್ದಿ: ಉಳಿದಿದ್ದು ₹212. ಸಾಲ ಇಲ್ಲ. ನಿದ್ದೆ ಬರ್ತಿದೆ.

#ಕಿರ್ದಿ #ಅಟ್ಟಕ್ಕೆಹಾಕಿ #ಬಿಕಾಂಬದುಕು