ಪ್ರತಿಭೆಗೆ ಬೇರೂ ಬೇಕು

ಪ್ರತಿಭಾವಂತ ವಿದ್ಯಾರ್ಥಿಗಳಿಗಾಗಿ ಬೇಸಿಗೆ ರಜೆಯಲ್ಲಿ ನಡೆಯುವ ವಸತಿ ಶಿಬಿರಗಳಲ್ಲಿ, ಇಸ್ರೋ ಸಂಸ್ಥೆ 2019ರಲ್ಲಿ ಆರಂಭಿಸಿದ ‘ಯುವಿಕಾ’ ಎಂಬ ಯುವ ವಿಜ್ಞಾನಿ ಕಾರ್ಯಕ್ರಮ ಗಮನಾರ್ಹವಾದುದು. ಒಂಬತ್ತನೆಯ ತರಗತಿಯ ಮಕ್ಕಳು ಸುಮಾರು ಎರಡು ವಾರ ಇಸ್ರೋ ಕೇಂದ್ರವೊಂದರಲ್ಲಿ ತಂಗಿ, ವಿಜ್ಞಾನಿಗಳೊಡನೆ ಚರ್ಚಿಸಿ, ಪ್ರಯೋಗಾಲಯಗಳನ್ನು ನೋಡುತ್ತಾರೆ. 2024ರ ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕಗಳಿಗೆ ಶೇ. 50 ಹಾಗೂ ಪಂಚಾಯತಿ ವ್ಯಾಪ್ತಿಯ ಶಾಲೆಯಲ್ಲಿ ಓದುವುದಕ್ಕೆ ಶೇ. 15 ಮಹತ್ವ ನೀಡಲಾಗಿತ್ತು. ಹಾನಗಲ್, ಬ್ಯಾಡಗಿ ಸೀಮೆಯ ಹಳ್ಳಿಶಾಲೆಗಳ ಮಕ್ಕಳಿಗೂ ಬಾಗಿಲು ತೆರೆಯುವ ಇಂಥ ನಿಯಮ ಸ್ವಾಗತಾರ್ಹ.

ಇಂತಹ ಶಿಬಿರದಲ್ಲಿ ಮಗು ಕಲಿಯುವುದು ವಿಜ್ಞಾನವನ್ನಷ್ಟೇ ಅಲ್ಲ. ಮನೆಯಿಂದ ದೂರವಿದ್ದು, ಬೇರೆ ಭಾಷೆಯ ಮಕ್ಕಳೊಡನೆ ಬಾಳುವಾಗ, ತರಗತಿಗೆ ತಾನೇ ಮೊದಲೆಂಬ ಬಿಂಕ ಕರಗುತ್ತದೆ. ‘ನನಗೆ ತಿಳಿಯದು’ ಎನ್ನುವ ಧೈರ್ಯ ಮೂಡುತ್ತದೆ. ವ್ಯಕ್ತಿತ್ವ ವಿಕಾಸವೆಂದರೆ ಬಹುಪಾಲು ಇದೇ.

ಆದರೆ ಮರಳಿ ಬಂದ ಮಗು ತನ್ನ ಊರನ್ನು ಯಾವ ಕಣ್ಣಿನಿಂದ ನೋಡುತ್ತದೆ? ಊರೆಂದರೆ ಬಿಟ್ಟು ಹೋಗಬೇಕಾದ ಜಾಗವೆಂಬ ಭಾವನೆ ಬಲಿತರೆ ಆ ವಿಕಾಸ ಅರೆಬರೆಯಾದುದು.

ಹಾವೇರಿಯ ನೆಲಕ್ಕೆ ಈ ಪಾಠ ಹೊಸತಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿದಾಗ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿಯಂತಹ ಮರಗಳನ್ನು ಬೆಳೆಸುವ ಯೋಜನೆಯಿತ್ತು. ಬೇಗ ಬೆಳೆಯುವುದೇ ಆ ಮರದ ಅರ್ಹತೆ. ದನಕ್ಕೆ ಮೇವಿಲ್ಲ, ಊರಿಗೆ ಹಣ್ಣಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ನೀಲಗಿರಿ ಕಿತ್ತು ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು. ಪ್ರತಿಭೆಯನ್ನೂ ನೀಲಗಿರಿಯಂತೆ ನೇರವಾಗಿ, ಬೇಗನೆ, ಬೇರೆಲ್ಲಿಯದೋ ಅಗತ್ಯಕ್ಕಾಗಿ ಬೆಳೆಸುವುದು ಸರಿಯೇ?

ಹಳ್ಳಿಯ ಮಗು ಹಳ್ಳಿಯಲ್ಲೇ ಇರಲಿ ಎಂಬ ವಾದ ಇದಲ್ಲ. ರಾಕೆಟ್ಟಿನ ಕನಸು ಕೂಲಿಕಾರರ ಮಗಳಿಗೂ ಸಲ್ಲಬೇಕು. ಊರು ಬಿಡುವ ಹಕ್ಕು ಉಳ್ಳವರಿಗಷ್ಟೇ ಮೀಸಲಲ್ಲ. ಆಕೆ ಹೊರಡುವಾಗ ತನ್ನ ನೆಲದ ಪ್ರಶ್ನೆಯೊಂದನ್ನು ಜೊತೆಗೆ ಒಯ್ಯುವಂತಾಗಲಿ ಎಂಬುದಷ್ಟೇ ಆಶಯ.

ಅದಕ್ಕಾಗಿ ಜಿಲ್ಲೆಯಲ್ಲಿಯೇ ಬೇಸಿಗೆ ವಸತಿ ಶಿಬಿರವೊಂದು ನಡೆಯಬೇಕಿದೆ. 1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವೇ ಅದರ ಪ್ರಯೋಗಾಲಯವಾಗಲಿ. ಹುಲ್ಲುಗಾವಲಿನ ಪ್ರಾಣಿಗೆ ನೀಲಗಿರಿಯ ನೆಡುತೋಪು ಏನು ಮಾಡಿತೆಂದು ಮಕ್ಕಳೇ ನಡೆದಾಡಿ ನೋಡಲಿ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಹೊತ್ತಿಗೆ ಎಂತಹ ನೀರಾಗಿರುತ್ತದೆಂದು ಪರೀಕ್ಷಿಸಲಿ. ಮಲೆನಾಡಿನ ಮಕ್ಕಳೂ ಜೊತೆಗೂಡಿದರೆ ನದಿಯ ಎರಡೂ ತುದಿ ಒಂದೆಡೆ ಕೂಡಿದಂತಾದೀತು. ಆಯ್ಕೆಗೆ ಅಂಕಪಟ್ಟಿಯೊಂದೇ ಆಧಾರವಾಗದಿರಲಿ. ಬ್ಯಾಡಗಿ ಮೆಣಸಿನಕಾಯಿ ಎಷ್ಟು ಒಣಗಿದೆಯೆಂದು ಕೈಯಲ್ಲಿ ಹಿಡಿದೇ ಹೇಳಬಲ್ಲ ಮಗುವಿನ ತಿಳಿವಳಿಕೆಗೂ ಬೆಲೆ ಸಿಗಲಿ. ಅಡುಗೆ, ಕಸ, ನೀರಿನ ಕೆಲಸಗಳನ್ನು ಹುಡುಗರೂ ಹುಡುಗಿಯರೂ ಸಮನಾಗಿ ಹಂಚಿಕೊಳ್ಳಲಿ.

ಶಿಬಿರದ ಕೊನೆಗೆ ಪ್ರಮಾಣಪತ್ರವಷ್ಟೇ ಸಾಲದು. ಮಕ್ಕಳು ತಾವು ಕಂಡುದನ್ನು ತಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಹಿರಿಯರು ಕುಳಿತು ಕೇಳಬೇಕು. ಖರ್ಚು ಹೆಚ್ಚಿನದಲ್ಲ, ಶಾಲಾ ಕಟ್ಟಡಗಳು ರಜೆಯಲ್ಲಿ ಖಾಲಿಯೇ ಇರುತ್ತವೆ. ಶಾಲಾಭಿವೃದ್ಧಿ ಸಮಿತಿಗಳೂ ಪಂಚಾಯತಿಗಳೂ ಮುಂದಿನ ಬೇಸಿಗೆಗೆ ಈಗಲೇ ಸಿದ್ಧತೆ ಆರಂಭಿಸಲಿ.