ದಾನಿಯ ಗುಣವೋ, ದಾನದ ಗುಣವೋ?

ಗಂಧಕವನ್ನು ಗುರುತಿಸಲು ಸೋಡಿಯಂ ನೈಟ್ರೋಪ್ರಸೈಡಿನ ಹನಿ ಬಿಟ್ಟು ನೇರಳೆ ಬಣ್ಣಕ್ಕಾಗಿ ಕಾಯುವ ವಿದ್ಯಾರ್ಥಿಗಳು ನಮ್ಮ ಮುದಗಲ್ಲಿನಲ್ಲಿಯೂ ಉಂಟು. ಅದೇ ಸೀಸೆಯ ಲವಣವು ಸಂಶೋಧಕರ ಕೈಯಲ್ಲಿ ನೈಟ್ರಿಕ್ ಆಕ್ಸೈಡಿನ ದಾನಿಯಾಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಈ ಅನಿಲವು ದೇಹದಲ್ಲಿ ಕೆಲವೇ ಸೆಕೆಂಡುಗಳಲ್ಲಿ ನಾಶವಾಗುವುದರಿಂದ, ಅದನ್ನು ಬಿಟ್ಟುಕೊಡುವ ಸಂಯುಕ್ತಗಳು ಪ್ರಯೋಗಕ್ಕೆ ಬೇಕಾದವು. ಅದರ ಸಂದೇಶವಾಹಕ ಗುಣವನ್ನು ಕಂಡ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಇಲ್ಲಿ ಎಚ್ಚರ ಅವಶ್ಯ. ನೈಟ್ರೋಪ್ರಸೈಡಿನ ಪ್ರತಿ ಅಯಾನಿನಲ್ಲಿ ಒಂದು ನೈಟ್ರಿಕ್ ಆಕ್ಸೈಡಿನ ಜೊತೆಗೆ ಐದು ಸಯನೈಡುಗಳಿವೆ. ಜೀವಕೋಶ ಸತ್ತರೆ ಕೊಂದವರಾರು? ಬೆಳಕಿನಲ್ಲಿಟ್ಟು ಅನಿಲವನ್ನೆಲ್ಲ ಕಳೆದುಕೊಂಡ ದ್ರಾವಣವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಅದೂ ಅಷ್ಟೇ ಕೊಂದರೆ ಅನಿಲದ ಮೇಲಿನ ಆರೋಪ ನಿಲ್ಲದು. ಬೇರೆ ಜಾತಿಯ ದಾನಿಯಿಂದಲೂ ಅದೇ ಫಲ ಬರಬೇಕು. ಸಯನೈಡಿಲ್ಲದ ನೋನೋಯೇಟುಗಳಲ್ಲಿ, ದೇಹದ ಉಷ್ಣತೆಯಲ್ಲಿ, ಒಂದರ ಅರ್ಧಾಯು ಸುಮಾರು 2 ನಿಮಿಷ, ಮತ್ತೊಂದರದು ಸುಮಾರು 20 ಗಂಟೆ. ಆದುದರಿಂದ ಎಷ್ಟು ಹಾಕಿದೆವೆಂದರೆ ಸಾಲದು. ಅದು ಯಾವ ವೇಗದಲ್ಲಿ ಬಿಡುಗಡೆಯಾಯಿತೆಂಬುದನ್ನೂ ಹೇಳಬೇಕು.

ಬಣ್ಣ ಬಂದೊಡನೆ ಉತ್ತರ ಬರೆದು ಮುಗಿಸುವ ಅಭ್ಯಾಸವು ನಮ್ಮ ಕಾಲೇಜುಗಳಿಂದ ತೊಲಗಬೇಕೆಂಬುದು ನಮ್ಮ ಅಭಿಪ್ರಾಯ. ಗಂಧಕವಿಲ್ಲದ ದ್ರಾವಣಕ್ಕೂ ಒಂದು ಹನಿ ಬಿಟ್ಟು ನೋಡಿರಿ. ಸಂಶೋಧನೆಯ ಮೊದಲ ಪಾಠ ಅಲ್ಲಿಯೇ ಇದೆ.